ಜೀವ ಉಳಿಸಿದರಷ್ಟೇ ನಮ್ಮವನೇ?

ಕಾರ್ಟೂನು ಎಂದರೆ ಮಕ್ಕಳ ವಸ್ತು ಎಂದು ನಂಬಿಕೊಂಡೇ ಐವತ್ತೈದು ವರ್ಷ ಕಳೆದವಳು ನಾನು. ಇಲಿಯೊಂದು ಬೆಕ್ಕಿನ ತಲೆಗೆ ಸುತ್ತಿಗೆಯಿಂದ ಹೊಡೆಯುವುದು, ಬೆಕ್ಕು ಚಪಾತಿಯ ಹಾಗೆ ಚಪ್ಪಟೆಯಾಗಿ ಮತ್ತೆ ಎದ್ದು ಓಡುವುದು, ಇಷ್ಟೇ ಆ ಲೋಕ ಎಂದುಕೊಂಡಿದ್ದೆ. 2024ರ ಬೇಸಿಗೆ ರಜೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ ಆರು ವಾರ ಇದ್ದು ಬಂದ ಮೇಲೆ ಆ ನಂಬಿಕೆ ಹೋಯಿತು. ಅಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಕಾರು ಹತ್ತಬೇಕು. ಕಾರು ಓಡಿಸುವವರಿಬ್ಬರೂ ಬೆಳಗಾದರೆ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ನಾನು ಮತ್ತು ಟೀವಿ. "ಅತ್ತೆ, ಇದನ್ನು ನೋಡಿ, ಅಮೆರಿಕ ಅರ್ಥವಾಗುತ್ತೆ" ಎಂದು ಅಳಿಯ ಹಾಕಿಕೊಟ್ಟು ಹೋದದ್ದು 'ದಿ ಸಿಂಪ್ಸನ್ಸ್' ಎಂಬ ಹಾಸ್ಯ ಧಾರಾವಾಹಿಯನ್ನು.

ಮೈಗೆಲ್ಲ ಅರಿಶಿನ ಬಳಿದುಕೊಂಡಂಥ ಜನ, ಕೈಗೆ ನಾಲ್ಕೇ ಬೆರಳು, ಮನೆಯೊಡತಿಗೆ ಗೋಪುರದಂತೆ ಎದ್ದ ನೀಲಿ ಕೂದಲು. ಮೊದಲ ದಿನ ಇದೇನು ವಿಕಾರವೆಂದು ಆರಿಸಿಬಿಟ್ಟೆ. ನಾಲ್ಕನೆಯ ದಿನಕ್ಕೆ ಊಟದ ತಟ್ಟೆ ಹಿಡಿದು ಅದರ ಮುಂದೆ ಕೂರುವಂತಾದೆ. 1989ರ ಡಿಸೆಂಬರಿನಲ್ಲಿ ಶುರುವಾದ ಈ ಧಾರಾವಾಹಿ ಏಳುನೂರಕ್ಕೂ ಹೆಚ್ಚು ಕಂತುಗಳನ್ನು ದಾಟಿದೆ. ಆದರೂ ಹುಡುಗ ಬಾರ್ಟನಿಗೆ ಇನ್ನೂ ಹತ್ತೇ ವರ್ಷ, ಅವನ ತಂಗಿ ಲೀಸಾಗೆ ಎಂಟು. ತಂದೆ ಹೋಮರ್ ಅಣುವಿದ್ಯುತ್ ಸ್ಥಾವರದಲ್ಲಿ ನೌಕರ. ಸೋಮಾರಿ, ಹೊಟ್ಟೆಬಾಕ, ಆದರೆ ಕೆಟ್ಟವನಲ್ಲ. ತಾಯಿ ಮಾರ್ಜ್ ನಮ್ಮ ನಿಮ್ಮ ಹಾಗೆ ಮನೆ ತೂಗಿಸುವವಳು. ಈಗಿನ ಹುಡುಗರಿಗೆ ಇದೆಲ್ಲ ಗೊತ್ತು, ನನ್ನ ವಯಸ್ಸಿನವರಿಗಾಗಿ ಹೇಳಿದೆ.

ನನ್ನ ಜಗಳವಿರುವುದು ಇದರ ಒಂದು ಕಂತಿನ ಜೊತೆ. ಮೆಚ್ಚಿಕೊಂಡವರ ಜೊತೆ ಆಡುವಂಥ ಜಗಳ ಎಂದಿಟ್ಟುಕೊಳ್ಳಿ. 1997ರ ಫೆಬ್ರವರಿ 16ರಂದು ಅದು ಮೊದಲು ಪ್ರಸಾರವಾಯಿತು. ಹೆಸರು 'ಹೋಮರ್ಸ್ ಫೋಬಿಯಾ', ಎಂದರೆ ಹೋಮರನ ಭಯ.

ಕಥೆ ಇಷ್ಟು. ಮಗನ ಕಿತಾಪತಿಯಿಂದ ಮನೆಗೆ 900 ಡಾಲರ್ ಗ್ಯಾಸ್ ಬಿಲ್ಲು ಬರುತ್ತದೆ. ಬಿಲ್ಲು ಕಟ್ಟಲು ಮಾರ್ಜ್ ತನ್ನ ತವರಿನಿಂದ ಬಂದ ಹಳೆಯ ಗೊಂಬೆಯೊಂದನ್ನು ಮಾರಲು ಹೊರಡುತ್ತಾಳೆ. ಹಳೆಯ ಆಟದ ಸಾಮಾನು, ಚಿತ್ರವಿಚಿತ್ರ ವಸ್ತು ಮಾರುವ ಅಂಗಡಿಯ ಯಜಮಾನ ಜಾನ್ ಅದನ್ನು ತಿರುಗಿಸಿ ನೋಡಿ, "ಇದು ಗೊಂಬೆಯಲ್ಲಮ್ಮ, ಹೆಂಡದ ಬಾಟಲಿ" ಎಂಬರ್ಥದ ಮಾತು ಹೇಳುತ್ತಾನೆ. ಮನೆತನದ ಆಸ್ತಿ ಹೋಯಿತು, ಆದರೆ ಸ್ನೇಹವಾಯಿತು. ಜಾನ್ ಮನೆಗೆ ಬರುತ್ತಾನೆ. ಹೋಮರನಿಗಂತೂ ಅವನೆಂದರೆ ಪ್ರಾಣ. ಇಬ್ಬರೂ ಹಾಡು ಹಾಕಿಕೊಂಡು ಕುಣಿಯುತ್ತಾರೆ. ಮರುದಿನ ಬೆಳಿಗ್ಗೆ ಹೋಮರ್, "ಅವನನ್ನೂ ಅವನ ಹೆಂಡತಿಯನ್ನೂ ಊಟಕ್ಕೆ ಕರೆಯೋಣ" ಎನ್ನುತ್ತಾನೆ. ಮಾರ್ಜ್ ನಾಲ್ಕಾರು ಬಾರಿ ಸುತ್ತಿ ಬಳಸಿ ಹೇಳಿ ನೋಡುತ್ತಾಳೆ. ತಲೆಗೆ ಹೋಗುವುದಿಲ್ಲ. ಕೊನೆಗೆ ಬಿಡಿಸಿ ಹೇಳಿದಾಗ ಅವನು ಕಿರುಚಿಕೊಳ್ಳುತ್ತಾನೆ: ಅಯ್ಯೋ, ಅಂಥವನ ಜೊತೆ ಕುಣಿದುಬಿಟ್ಟೆನಲ್ಲ!

ಅಲ್ಲಿಂದ ಮುಂದಿನದೇ ನಿಜವಾದ ಹಾಸ್ಯ. ನಿನ್ನೆ ರಾತ್ರಿಯ ಜಾನ್ ಇವತ್ತೂ ಅದೇ ಜಾನ್. ಒಂದು ಶಬ್ದ ಕಿವಿಗೆ ಬಿದ್ದದ್ದರಿಂದ ಹೋಮರನ ಲೋಕ ತಲೆಕೆಳಗಾಗಿದೆ. ಅಂಥವರು ನೋಡಿದ ತಕ್ಷಣ ಗೊತ್ತಾಗುವ ಹಾಗಿರಬೇಕು, ಹೀಗೆ ನಮ್ಮಂತೆಯೇ ಇದ್ದು ಮೋಸ ಮಾಡಬಾರದು ಎಂಬುದು ಅವನ ಅಳಲು. ಆಮೇಲೆ ಮಗನ ಚಿಂತೆ ಹತ್ತುತ್ತದೆ. ಹುಡುಗ ಹೂವಿನ ಚಿತ್ರದ ಅಂಗಿ ಹಾಕಿಕೊಂಡ, ಚೌರಿ ಕೂದಲು ಇಟ್ಟುಕೊಂಡು ಕುಣಿದ, ಇವನಿಗೂ ಅಂಟಿತು! ಗಂಡಸುತನ ತುಂಬಬೇಕೆಂದು ಮಗನನ್ನು ಸಿಗರೇಟು ಜಾಹೀರಾತಿನ ದೊಡ್ಡ ಹಲಗೆಯ ಮುಂದೆ ಕೂರಿಸುತ್ತಾನೆ. ಅದರಲ್ಲಿರುವ ಹೆಂಗಸರನ್ನು ನೋಡಿ ಹುಡುಗ ಬದಲಾಗಲಿ ಎಂಬ ಆಸೆ. ಹುಡುಗನಿಗೆ ಸಿಗರೇಟು ಸೇದುವ ಮನಸ್ಸಾಗುತ್ತದೆ. ಉಕ್ಕಿನ ಕಾರ್ಖಾನೆಗೆ ಕರೆದೊಯ್ಯುತ್ತಾನೆ, ಬೆವರು ಸುರಿಸುವ ಗಟ್ಟಿ ಗಂಡಸರನ್ನು ತೋರಿಸಲು. ಅಲ್ಲಿ ನೋಡಿದರೆ ಅಷ್ಟೂ ಕೆಲಸಗಾರರು ಸಲಿಂಗಿಗಳು. ಬಿಡುವಿನ ಶಿಳ್ಳೆ ಊದಿದ ಕೂಡಲೇ ಕಾರ್ಖಾನೆ ಕುಣಿತದ ಮನೆಯಾಗುತ್ತದೆ. ನಾನು ನ್ಯೂಜೆರ್ಸಿಯ ಆ ಸೋಫಾದ ಮೇಲೆ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಪಕ್ಕದ ಮನೆಯವರಿಗೆ ಕೇಳಿಸಿತೋ ಏನೋ.

ಕೊನೆಯ ಉಪಾಯ ಬೇಟೆ. ಇಬ್ಬರು ಗೆಳೆಯರನ್ನೂ ಮಗನನ್ನೂ ಕಟ್ಟಿಕೊಂಡು ಕಾಡಿಗೆ ಹೋಗುತ್ತಾನೆ. ಒಂದು ಜಿಂಕೆಯೂ ಸಿಗುವುದಿಲ್ಲ. ಕ್ರಿಸ್‌ಮಸ್ ತಾತನ ಹೆಸರಿನ ವಿಹಾರಧಾಮವೊಂದರಲ್ಲಿ ಬೇಲಿಯೊಳಗೆ ಕಟ್ಟಿಹಾಕಿದ ಹಿಮಸಾರಂಗಗಳಿವೆ, ಅವನ್ನೇ ಕೊಲ್ಲಿಸೋಣ ಎಂದು ನುಗ್ಗುತ್ತಾರೆ. ಸಾರಂಗಗಳು ತಿರುಗಿಬಿದ್ದು ಹಾಯತೊಡಗುತ್ತವೆ. ಆಗ ಮಾರ್ಜ್ ಮತ್ತು ಲೀಸಾರ ಜೊತೆ ಹುಡುಕಿಕೊಂಡು ಬಂದ ಜಾನ್ ತನ್ನ ಬಳಿಯಿದ್ದ ಕ್ರಿಸ್‌ಮಸ್ ತಾತನ ಯಂತ್ರದ ಗೊಂಬೆಯನ್ನು ಬಿಟ್ಟು ಅವುಗಳನ್ನು ಹೆದರಿಸಿ ಓಡಿಸುತ್ತಾನೆ. ಹೋಮರ್ ಬದುಕುತ್ತಾನೆ, ಕರಗುತ್ತಾನೆ, ಜಾನನನ್ನು ಒಪ್ಪುತ್ತಾನೆ. ಮಗನಿಗೂ ನೀನು ಹೇಗೆ ಬಾಳಿದರೂ ನನಗೆ ಸರಿಯೇ ಎನ್ನುತ್ತಾನೆ. ಮಗನಿಗೆ ಅಪ್ಪ ಯಾವುದರ ಬಗ್ಗೆ ಮಾತಾಡುತ್ತಿದ್ದಾನೆಂದೇ ಗೊತ್ತಿಲ್ಲ.

ಇದು ಬಂದ ಕಾಲವನ್ನೂ ನೆನೆಯಬೇಕು. ಮದುವೆಯೆಂದರೆ ಗಂಡಿಗೂ ಹೆಣ್ಣಿಗೂ ಮಾತ್ರ ಎನ್ನುವ ಕಾನೂನಿಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿ ಆಗ ಐದು ತಿಂಗಳೂ ಆಗಿರಲಿಲ್ಲ. 'ಎಲೆನ್' ಎಂಬ ಇನ್ನೊಂದು ಹಾಸ್ಯ ಧಾರಾವಾಹಿಯ ನಾಯಕಿ ತಾನು ಹೆಣ್ಣನ್ನೇ ಪ್ರೀತಿಸುವವಳೆಂದು ಹೇಳಿಕೊಂಡು ದೇಶವೆಲ್ಲ ಗದ್ದಲವೆದ್ದದ್ದು ಇದಾದ ಎರಡೂವರೆ ತಿಂಗಳಿಗೆ, ಏಪ್ರಿಲ್ 30ರಂದು. ಫಾಕ್ಸ್ ವಾಹಿನಿಯ ಪರಿಶೀಲಕರು ಹೋಮರನ ಕಥೆಗೆ ಆಕ್ಷೇಪಣೆಗಳ ಪಟ್ಟಿಯನ್ನೇ ಕಳಿಸಿದ್ದರಂತೆ. ವಾಹಿನಿಯ ಮೇಲಿನವರು ಬದಲಾದದ್ದರಿಂದ ಅದು ಬಚಾವಾಯಿತು ಎಂದು ತಯಾರಿಸಿದವರೇ ಹೇಳಿಕೊಂಡಿದ್ದಾರೆ. ಜಾನ್ ಪಾತ್ರಕ್ಕೆ ದನಿ ಕೊಟ್ಟವರು ಜಾನ್ ವಾಟರ್ಸ್, ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ಬಾಳಿದ ಚಿತ್ರನಿರ್ದೇಶಕ. ಆ ವರ್ಷದ ಎಮ್ಮಿ ಪ್ರಶಸ್ತಿಯೂ ಈ ಕಂತಿಗೆ ಬಂತು.

ಊರಿಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದೆ. ನನಗಿಂತ ಹಿರಿಯರಾದ ಮೇಷ್ಟರೊಬ್ಬರು ಟೀ ಲೋಟ ಕೆಳಗಿಟ್ಟು, "ಅವರ ದೇಶದ ರೋಗ ಅವರಿಗಿರಲಿ ಮೇಡಂ, ಕಾರ್ಟೂನಿನಲ್ಲೂ ಹಾಕಿ ಮಕ್ಕಳಿಗೆ ಯಾಕೆ ಅಂಟಿಸಬೇಕು?" ಎಂದರು. ಹೋಮರನೇ ಎದುರಿಗೆ ಬಂದು ಕೂತಂತಾಯಿತು. ಅಂಟುವುದಾದರೆ ಸಾವಿರ ಸಿನಿಮಾಗಳಲ್ಲಿ ಗಂಡು ಹೆಣ್ಣು ಮರ ಸುತ್ತಿದ್ದನ್ನು ನೋಡಿದ ಮೇಲೂ ಇವರು ಹೀಗೆ ಹೇಗೆ ಹುಟ್ಟಿದರು ಸ್ವಾಮಿ? ಇನ್ನು ದೇಶದ ಮಾತು. ಇದನ್ನು ಅಪರಾಧವೆಂದು ಬರೆದ 377ನೆಯ ಕಲಮು ಇಂಗ್ಲಿಷಿನವರು 1860ರಲ್ಲಿ ಮಾಡಿದ ದಂಡಸಂಹಿತೆಯದು. ಒಪ್ಪಿ ಕೂಡಿದ ವಯಸ್ಕರಿಗೆ ಅದು ಅನ್ವಯಿಸದು ಎಂದು ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಹೊರಗಿನಿಂದ ಬಂದದ್ದು ಯಾವುದು ಎಂದು ಸಮಾಜ ಪಾಠ ಮಾಡುವ ಆ ಮೇಷ್ಟರಿಗೆ ನಾನು ಹೇಳಬೇಕೆ? ಹೇಳಿದೆ. ಅವರು ಟೀ ಕುಡಿಯುವುದನ್ನು ಮುಂದುವರಿಸಿದರು.

ನಾವು ಬಳಸುವ ಶಬ್ದವನ್ನೇ ನೋಡಿ. 'ಸಲಿಂಗಕಾಮಿ.' ಶಬ್ದದ ಬಾಲಕ್ಕೇ ಕಾಮವನ್ನು ಕಟ್ಟಿದ್ದೇವೆ. ಮೂವತ್ತು ವರ್ಷ ಸಂಸಾರ ಮಾಡಿದ ನನ್ನನ್ನೂ ನಮ್ಮ ಯಜಮಾನರನ್ನೂ ಯಾರಾದರೂ 'ಭಿನ್ನಲಿಂಗಕಾಮಿ ದಂಪತಿ' ಎಂದು ಮದುವೆಯ ಕರೆಯೋಲೆಯಲ್ಲಿ ಅಚ್ಚು ಹಾಕಿಸಿದ್ದರೆ ನಮ್ಮತ್ತೆ ಎದೆ ಒಡೆದುಕೊಳ್ಳುತ್ತಿದ್ದರು. ನಮ್ಮದು ದಾಂಪತ್ಯ, ಅವರದು ಕಾಮ! ಅದಕ್ಕೇ ಇಲ್ಲಿ ಸಲಿಂಗಿ ಎಂದಷ್ಟೇ ಬರೆಯುತ್ತಿದ್ದೇನೆ.

ಇರಲಿ, ಕಂತಿನ ವಿಷಯಕ್ಕೆ ಬರುತ್ತೇನೆ. ಅದರ ದೊಡ್ಡ ಗುಣ, ಅದು ಯಾರನ್ನು ನೋಡಿ ನಗುತ್ತದೆ ಎಂಬುದು. ಜಾನನ ನಡಿಗೆಯನ್ನೋ ಮಾತನ್ನೋ ಹಿಡಿದು ನಗಿಸುವುದು ಸುಲಭವಿತ್ತು. ಅವರು ನಗಿಸಿದ್ದು ಹೋಮರನ ದಿಗಿಲನ್ನು ಹಿಡಿದು. ನಮ್ಮ ಸಿನಿಮಾಗಳ ಹಾಸ್ಯದ ತುಂಡುಗಳನ್ನು, ಶಾಲಾ ಕಾಲೇಜಿನ ಪ್ರಹಸನಗಳನ್ನು ನೆನಪಿಸಿಕೊಳ್ಳಿ. ಒಬ್ಬ ಗಂಡಸು ಸೊಂಟ ಬಳುಕಿಸಿ, ಕೈ ತಿರುವಿ, ಎಳೆದು ಮಾತಾಡಿದರೆ ಮುಗಿಯಿತು, ಅದೇ ಜೋಕು. ಅವನು ಏನು ಹೇಳಿದ ಎಂಬುದು ಯಾರಿಗೂ ಬೇಕಿಲ್ಲ. ಹೋಮರನ ಕಥೆಯಲ್ಲಿ ಜಾನನಿಗೆ ಅಂಗಡಿಯಿದೆ, ರುಚಿಯಿದೆ, ನಾಲಿಗೆಯ ಮೇಲೆ ಚುರುಕಾದ ಮಾತಿದೆ. ಇಡೀ ಮನೆಯಲ್ಲಿ ಬುದ್ಧಿ ನೆಟ್ಟಗಿರುವುದು ಅವನಿಗೂ ಇಬ್ಬರು ಹೆಂಗಸರಿಗೂ ಮಾತ್ರ.

ಇಷ್ಟು ಮೆಚ್ಚಿಕೊಂಡು ಆ ರಾತ್ರಿ ಮಲಗಿದೆ. ನಿದ್ದೆ ಬರಲಿಲ್ಲ. ಹಿಮಸಾರಂಗಗಳು ಬಾರದೇ ಹೋಗಿದ್ದರೆ?

ನೋಡಿ, ಜಾನ್ ಒಳ್ಳೆಯವನು ಎಂಬುದು ಹೋಮರನಿಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಅಷ್ಟು ಸಾಲಲಿಲ್ಲ. ತನ್ನ ಪ್ರಾಣ, ಮಗನ ಪ್ರಾಣ ಅವನ ಕೈಯಿಂದ ಉಳಿಯಬೇಕಾಯಿತು. ಒಪ್ಪಿಗೆ ಎಂಬುದು ಕೂಲಿಯಾಯಿತು. ಕೆಲಸ ಮುಗಿಸಿದವನಿಗೆ ಸಂಜೆ ಬಟವಾಡೆ. ಜಾನ್ ಆ ಹೊತ್ತು ಯಂತ್ರದ ಗೊಂಬೆಯಿಲ್ಲದೆ ಬಂದಿದ್ದರೆ, ಅಥವಾ ಸಾರಂಗಗಳಿಗೆ ಅವನೂ ಹೆದರಿ ಮರ ಹತ್ತಿದ್ದರೆ, ಮರುದಿನ ಬೆಳಿಗ್ಗೆ ಅವನು ಆ ಮನೆಯ ಮೆಟ್ಟಿಲು ಹತ್ತುವಂತಿರಲಿಲ್ಲ.

ಮಗಳೊಡನೆ ಇದನ್ನು ಹೇಳಿದಾಗ ಅವಳು ನಕ್ಕಳು. "ಅಮ್ಮಾ, ಅದನ್ನು ಜಾನನೇ ಹೇಳ್ತಾನಲ್ಲ! ನಿನ್ನಿಂದ ಮರ್ಯಾದೆ ಪಡೆಯೋದಕ್ಕೆ ನಿನ್ನ ಜೀವ ಉಳಿಸಬೇಕಾಯಿತು, ಪ್ರತಿಯೊಬ್ಬನೂ ಹಾಗೇ ಮಾಡಿಬಿಟ್ಟರೆ ಆಯ್ತು ಅನ್ನೋ ಥರ. ಬರೆದವರಿಗೆ ಗೊತ್ತಿದ್ದೇ ಬರೆದಿದ್ದಾರೆ." ನಿಜ, ಜಾನ್ ಹಾಗೆ ಚುಚ್ಚುತ್ತಾನೆ. ಆ ಚುಚ್ಚು ಮಾತು ಆ ಕಂತಿನ ಪ್ರಾಮಾಣಿಕತೆ ಎಂದು ನಾನೂ ಒಪ್ಪುತ್ತೇನೆ. ಆದರೆ ತಪ್ಪು ಗೊತ್ತಿದೆ ಎಂದು ಕಣ್ಣು ಮಿಟುಕಿಸಿದ ಮಾತ್ರಕ್ಕೆ ತಪ್ಪು ಸರಿಯಾಗುವುದೇ? ನನ್ನ ತರಗತಿಯಲ್ಲಿ ಹುಡುಗನೊಬ್ಬ ಲೆಕ್ಕ ತಪ್ಪು ಮಾಡಿ, ಪಕ್ಕದಲ್ಲಿ 'ಇದು ತಪ್ಪೆಂದು ನನಗೆ ಗೊತ್ತು' ಎಂದು ಬರೆದರೆ ಅಂಕ ಕೊಡುತ್ತಾರೆಯೇ? ಜಾನ್ ನಗುತ್ತಾ ಹೇಳಿದ, ನೋಡುವವರು ನಗುತ್ತಾ ಕೇಳಿದರು, ಸಾರಂಗದ ನ್ಯಾಯ ಹಾಗೇ ಉಳಿಯಿತು.

ಒಂದೇ ಕಂತಿನ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಹಟಕ್ಕೆ ಬಿದ್ದು ಹಿಂದು ಮುಂದಿನವನ್ನೂ ನೋಡಿದೆ. ಹೇಗೂ ಹಗಲೆಲ್ಲ ನನ್ನದೇ. 1990ರ ಒಂದು ಕಂತಿನಲ್ಲಿ ಕಾರ್ಲ್ ಎಂಬ ಸಹಾಯಕ ಬರುತ್ತಾನೆ. ದನಿ ಕೊಟ್ಟವರು ಹಾರ್ವೆ ಫೈರ್‌ಸ್ಟೀನ್, ಅವರೂ ಬಹಿರಂಗವಾಗಿ ಸಲಿಂಗಿ. ಈ ಕಾರ್ಲ್ ಹೋಮರನಿಗೆ ಒಳ್ಳೆಯ ಬಟ್ಟೆ ಹಾಕಿಸುತ್ತಾನೆ, ಧೈರ್ಯ ತುಂಬುತ್ತಾನೆ, ಕೊನೆಗೆ ಹೋಮರನ ತಪ್ಪನ್ನು ತಲೆಗೆ ಹೊತ್ತುಕೊಂಡು ಕೆಲಸ ಕಳೆದುಕೊಳ್ಳುತ್ತಾನೆ. ಅಲ್ಲೂ ಉಪಕಾರ.

2005ರ ಫೆಬ್ರವರಿ 20ರ ಕಂತು ಇನ್ನೂ ಸ್ವಾರಸ್ಯ. ಮಸಾಚುಸೆಟ್ಸ್ ರಾಜ್ಯದಲ್ಲಿ ಇಂಥ ಮದುವೆಗಳು ಕಾನೂನಿನಂತೆ ನಡೆಯತೊಡಗಿ ಆಗ ಒಂಬತ್ತು ತಿಂಗಳಾಗಿತ್ತು. ಹೋಮರನ ಊರಿನವರೂ ಅದಕ್ಕೆ ಅನುಮತಿ ಕೊಡುತ್ತಾರೆ. ಯಾಕೆ? ಮನುಷ್ಯರೆಂಬ ಕಾರಣಕ್ಕಲ್ಲ. ಪ್ರವಾಸಿಗಳು ಬರುವುದು ನಿಂತಿದೆ, ಮದುವೆಗಳಿಂದ ಊರಿಗೆ ದುಡ್ಡು ಬರಲಿ ಎಂದು. ಚರ್ಚಿನ ಪಾದ್ರಿ ಆಗದು ಎಂದಾಗ ಹೋಮರ್ ತಾನೇ ಪಾದ್ರಿಯ ಪಟ್ಟ ಪಡೆದು ಮದುವೆ ಮಾಡಿಸಲು ನಿಲ್ಲುತ್ತಾನೆ, ಅದೂ ದುಡ್ಡಿಗೆ. ಈ ಸಲ ನನ್ನ ಎದೆಗೆ ತಾಗಿದ್ದು ಹೋಮರನಲ್ಲ, ಮಾರ್ಜ್. ಊರಿನವರ ಮದುವೆಗೆಲ್ಲ ಆನಂದಬಾಷ್ಪ ಸುರಿಸಿದವಳು, ಒಡಹುಟ್ಟಿದ ಅಕ್ಕ ಪ್ಯಾಟಿ ಬಂದು ನಾನೂ ಅಂಥವಳೇ, ಒಬ್ಬಳನ್ನು ಮದುವೆಯಾಗುತ್ತಿದ್ದೇನೆ ಎಂದಾಗ ಕಲ್ಲಾಗುತ್ತಾಳೆ. ಬೀದಿಯಲ್ಲಿ ಹೋಗುವ ಮೆರವಣಿಗೆಗೆ ಹೂವೆರಚಿ, ಅದು ನಮ್ಮ ಹೊಸ್ತಿಲಿಗೆ ಬಂದಾಗ ಬಾಗಿಲು ಹಾಕಿಕೊಳ್ಳುವ ನಮ್ಮಂಥ ಓದಿದ ಹೆಂಗಸರನ್ನು ನೋಡಿಯೇ ಬರೆದ ಹಾಗಿದೆ. ಇಷ್ಟು ಚೆನ್ನಾಗಿ ಕಟ್ಟಿದ ಕಥೆಯನ್ನು ಕೊನೆಯಲ್ಲಿ ಕೈಯಾರೆ ಕೆಡಿಸಿದ್ದಾರೆ. ಪ್ಯಾಟಿಯ ವಧು ಹೆಣ್ಣಲ್ಲ, ಹೆಣ್ಣುವೇಷದ ಗಂಡು ಎಂದು ಬಯಲಾಗುತ್ತದೆ! ಮದುವೆ ಮುರಿಯುತ್ತದೆ, ಮಾರ್ಜ್ ಅಕ್ಕನನ್ನು ಒಪ್ಪುತ್ತಾಳೆ. ಮದುವೆಯೇ ಇಲ್ಲವೆಂದಾದ ಮೇಲೆ ಒಪ್ಪುವುದಕ್ಕೆ ಏನು ಕಷ್ಟ? ಅಕ್ಕ ತಂಗಿ ತಬ್ಬಿಕೊಂಡದ್ದು ಮಾತ್ರ ಉಳಿಯಿತು, ಹೊಣೆಯೇನೂ ಬೀಳಲಿಲ್ಲ. ಮೇಲಾಗಿ ಹೆಣ್ಣುಡುಗೆಯಲ್ಲಿರುವವರೆಲ್ಲ ವಂಚಕರು ಎಂಬ ಹಳೆಯ ಸಂಶಯಕ್ಕೆ ಒಂದು ಚಮಚ ತುಪ್ಪವನ್ನೂ ಹಾಕಿದಂತಾಯಿತು.

ಸ್ಮಿದರ್ಸ್ ಎಂಬವನೊಬ್ಬನಿದ್ದಾನೆ, ಸ್ಥಾವರದ ಮುದುಕ ಮಾಲೀಕನ ಆಪ್ತ ಕಾರ್ಯದರ್ಶಿ. ಮಾಲೀಕನ ಮೇಲೆ ಅವನಿಗೆ ಹೇಳಲಾರದ ಪ್ರೀತಿ. ಇಪ್ಪತ್ತೈದು ವರ್ಷ ಅವನ ಬಾಯಿಂದ ಒಂದು ನೇರ ಮಾತು ಬಾರದಂತೆ, ಕಂತಿಗೊಂದು ದ್ವಂದ್ವಾರ್ಥದ ನಗೆಗೆ ಅವನನ್ನು ದುಡಿಸಿಕೊಂಡರು. 2016ರ ಏಪ್ರಿಲಿನಲ್ಲಿ ಅವನು ಇರುವ ಹಾಗೆ ಕಾಣಿಸಿಕೊಂಡ. ಬರೆದವರು ರಾಬ್ ಲಜೆಬ್ನಿಕ್. ಅವರ ಮಗ ಸಲಿಂಗಿ, ಆ ಮಗನಿಗಾಗಿ ಬರೆದದ್ದು. 2021ರ ನವೆಂಬರಿನಲ್ಲಿ ಅಪ್ಪ ಮಗ ಇಬ್ಬರೂ ಸೇರಿ ಸ್ಮಿದರ್ಸನಿಗೆ ಒಬ್ಬ ಗೆಳೆಯನನ್ನು ಕೊಟ್ಟರು, ಬಟ್ಟೆಗಳ ವಿನ್ಯಾಸ ಮಾಡುವ ದೊಡ್ಡ ಶ್ರೀಮಂತ. ಪ್ರೀತಿಯಾಗುತ್ತದೆ. ಆಮೇಲೆ ಆ ಶ್ರೀಮಂತನ ಕಾರ್ಖಾನೆ ಊರನ್ನು ಕೆಡಿಸುವುದನ್ನು ನೋಡಿ ಸ್ಮಿದರ್ಸ್ ಅವನನ್ನು ಬಿಡುತ್ತಾನೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಯಾರ ಜೀವವನ್ನೂ ಉಳಿಸಲಿಲ್ಲ, ಯಾರಿಂದಲೂ ಪ್ರಶಸ್ತಿಪತ್ರ ಪಡೆಯಲಿಲ್ಲ. ಪ್ರೀತಿಸಿದ, ಸರಿಹೋಗಲಿಲ್ಲ, ಬಿಟ್ಟ. ಎಲ್ಲರ ಬದುಕಿನಲ್ಲೂ ಆಗುವಂಥದ್ದು. ಅಷ್ಟಕ್ಕೆ ಬರಲು ಮೂವತ್ತು ವರ್ಷ ಬೇಕಾಯಿತು ನೋಡಿ, ಮತ್ತು ಸ್ವಂತ ಮಗನೊಬ್ಬ ಅಪ್ಪನ ಪಕ್ಕ ಕೂತು ಬರೆಯಬೇಕಾಯಿತು.

ಅಳಿಯನಿಗೆ ನನ್ನ ಈ ತಕರಾರು ಅತಿಯೆನಿಸಿತು. "ಅತ್ತೆ, ಕಾಮಿಡಿ ಅದು. ಎಲ್ಲರನ್ನೂ ಗೇಲಿ ಮಾಡುತ್ತೆ, ಇಷ್ಟು ತಲೆ ಕೆಡಿಸಿಕೊಂಡರೆ ನಗೋದು ಯಾವಾಗ?" ಎಂದರು. ನಾನು ಅಪುವಿನ ವಿಷಯ ಎತ್ತಿದೆ. ಅಪು ಅದೇ ಧಾರಾವಾಹಿಯ ಭಾರತೀಯ, ದಿನಸಿ ಅಂಗಡಿಯವನು. ಅವನ ಇಂಗ್ಲಿಷ್ ಉಚ್ಚಾರವೇ ಒಂದು ಜೋಕು. ದನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ. 2017ರಲ್ಲಿ ಹರಿ ಕೊಂಡಬೋಲು ಎಂಬ ಭಾರತೀಯ ಮೂಲದ ಹಾಸ್ಯಗಾರರು ಇದರ ವಿರುದ್ಧ ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು. ನಮ್ಮ ಅಳಿಯ ಓದಲು ಹೋದ ಹೊಸದರಲ್ಲಿ ಸಹಪಾಠಿಗಳು ಅವರನ್ನೂ ಅಪು ಎಂದೇ ಕರೆಯುತ್ತಿದ್ದರಂತೆ. ಆ ಮಾತು ಬಂದಾಗ ಈಗಲೂ ಅವರ ದವಡೆ ಬಿಗಿಯಾಗುವುದನ್ನು ನಾನು ಕಂಡಿದ್ದೇನೆ. "ನಿಮ್ಮ ಉಚ್ಚಾರಕ್ಕೆ ನಕ್ಕರೆ ಅವಮಾನ, ಸ್ಮಿದರ್ಸನಿಗೆ ನಕ್ಕರೆ ಕಾಮಿಡಿಯೇ?" ಎಂದೆ. ಅವರು ಉತ್ತರ ಕೊಡಲಿಲ್ಲ. ಅಳಿಯನ ಮನೆಯಲ್ಲಿ ಕೂತು ಅವರೇ ಮಾಡಿಕೊಟ್ಟ ಕಾಫಿ ಕುಡಿಯುತ್ತಾ ಹೀಗೆ ಕೇಳಿದ್ದು ಅತ್ತೆಗೆ ತಕ್ಕದ್ದಲ್ಲವೇನೋ. ಆದರೂ ಕೇಳಿದೆ.

ಇಷ್ಟೆಲ್ಲ ಕೇಳುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಅಧಿಕಾರ ಬಂದದ್ದಲ್ಲ, ಪಾಪ ಇರುವುದು.

1999ರ ಮಾತು. ಶಾಲೆಗೆ ಸೇರಿ ಕೆಲವೇ ವರ್ಷವಾಗಿತ್ತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ, ಓದಿನಲ್ಲಿ ಮುಂದು, ಅಕ್ಷರ ಮುತ್ತಿನಂತೆ. ನಡಿಗೆ ಮೆಲ್ಲಗೆ, ಮಾತು ಇನ್ನೂ ಮೆಲ್ಲಗೆ. ವಾರ್ಷಿಕೋತ್ಸವಕ್ಕೆ ನಮ್ಮ ಮೇಷ್ಟರೊಬ್ಬರು ನಗೆನಾಟಕ ಬರೆದರು. ಅದರಲ್ಲಿ ಸುಬ್ಬಕ್ಕ ಎಂಬ ಪಾತ್ರ ಇವನಿಗೇ ಎಂದು ಎಲ್ಲರೂ ಸೇರಿ ಗೊತ್ತುಮಾಡಿದರು. ಅವನು ಬೇಡವೆಂದ, ಗಟ್ಟಿಯಾಗಿ ಹೇಳುವ ದನಿ ಅವನಿಗಿರಲಿಲ್ಲ. ಗಂಡಸರು ಸೀರೆಯುಟ್ಟು ರಂಗಕ್ಕೆ ಬರುವುದು ನಮಗೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ, ಕಂಪನಿ ನಾಟಕದ ಸ್ತ್ರೀಪಾತ್ರಕ್ಕೆ ಜನ ಕೈಮುಗಿದದ್ದುಂಟು. ಇದು ಅದಲ್ಲ. ಇಲ್ಲಿ ಪಾತ್ರವೇ ಇರಲಿಲ್ಲ, ಹುಡುಗನನ್ನೇ ಎತ್ತಿ ರಂಗದ ಮೇಲೆ ಇಟ್ಟಿದ್ದರು. ಅವನಿಗೆ ಸೀರೆ ಉಡಿಸಿದವಳು ನಾನು. ನೆರಿಗೆ ಹಿಡಿದು, ಪಿನ್ನು ಹಾಕಿ, ಗಲ್ಲ ಹಿಡಿದು ಬೊಟ್ಟಿಟ್ಟೆ. ಅವನು ಮಾತಾಡುವ ಮೊದಲೇ ಪೆಂಡಾಲು ಪೂರಾ ನಕ್ಕಿತು. ಪರದೆಯ ಸಂದಿನಲ್ಲಿ ನಿಂತು ನಾನೂ ನಕ್ಕೆ. ಮರುದಿನದಿಂದ ಶಾಲೆಯಲ್ಲಿ ಅವನ ಹೆಸರು ಸುಬ್ಬಕ್ಕ. ಹತ್ತನೆಯ ತರಗತಿಗೆ ಅವನ ತಂದೆ ಬಂದು ಟಿ.ಸಿ. ತೆಗೆದುಕೊಂಡು ಹೋದರು, ಸೋದರಮಾವನ ಊರಿನಲ್ಲಿ ಓದಿಸುತ್ತೇವೆ ಎಂದರು. ಯಾಕೆಂದು ನಾವು ಕೇಳಲಿಲ್ಲ.

ಇಪ್ಪತ್ತು ವರ್ಷ ಕಳೆದು, 2019ರಲ್ಲಿ, ಅವನು ಕಾರಿನಲ್ಲಿ ಬಂದಿಳಿದ. ಬೆಂಗಳೂರಿನಲ್ಲಿ ದೊಡ್ಡ ಕೆಲಸ. ಅಲ್ಲಿ ಗೆಳೆಯನೊಬ್ಬನ ಜೊತೆ ಸಂಸಾರ ಮಾಡಿಕೊಂಡಿದ್ದಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಅವನೂ ಮುಚ್ಚಿಟ್ಟಿರಲಿಲ್ಲ. ಓದಿದ ಶಾಲೆಗೆ ಕುಡಿಯುವ ನೀರಿನ ಫಿಲ್ಟರನ್ನೂ ಇಪ್ಪತ್ತು ಬೆಂಚುಗಳನ್ನೂ ಕೊಡಿಸಿದ. ನಾವು ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದೆವು. ಅಭಿನಂದನೆಯ ಮಾತಾಡಿದವರು ಆ ನಾಟಕ ಬರೆದ ಮೇಷ್ಟರೇ. "ಹೇಗೇ ಇರಲಿ, ಇವನು ನಮ್ಮ ಹುಡುಗ" ಎಂದರು. ಚಪ್ಪಾಳೆ ಬಿತ್ತು. ಆವತ್ತು ಅದು ನನಗೂ ಔದಾರ್ಯದ ಮಾತೆಂದೇ ಕೇಳಿಸಿತ್ತು. ಆ 'ಹೇಗೇ ಇರಲಿ' ಎಂಬುದರಲ್ಲಿ ಏನೇನಿತ್ತು ಎಂದು ತಿಳಿಯಲು ನಾನು ಐದು ವರ್ಷ ಕಳೆದು, ಸಮುದ್ರ ದಾಟಿ, ಹಿಮಸಾರಂಗಗಳನ್ನು ನೋಡಬೇಕಾಯಿತು. ಅವನ ಫಿಲ್ಟರು ಹದಿನೈದು ಸಾವಿರದ್ದೋ ಮೂವತ್ತು ಸಾವಿರದ್ದೋ, ಅಂತೂ ಇಪ್ಪತ್ತು ಬೆಂಚುಗಳೂ ಸೇರಿ ಅವನು 'ನಮ್ಮ ಹುಡುಗ'ನಾದ. ಫಿಲ್ಟರು ಕೊಡಿಸಲಾರದವನು ಏನಾಗುತ್ತಾನೆ? ಹೋಟೆಲಿನಲ್ಲಿ ಲೋಟ ತೊಳೆಯುವವನು, ಪಿಯುಸಿ ಫೇಲಾದವನು, ಸಿಡುಕಿನವನು, ಯಾರಿಗೂ ಉಪಕಾರ ಮಾಡದವನು? ಹೆಣ್ಣನ್ನು ಕಟ್ಟಿಕೊಂಡ ಗಂಡಸರಲ್ಲಿ ಇಂಥವರು ಬೀದಿಗೆ ಹತ್ತು ಜನ ಇದ್ದಾರೆ. ಅವರ ಹತ್ತಿರ ನಾವು ರಸೀತಿ ಕೇಳುವುದಿಲ್ಲ.

ಸಮಾರಂಭ ಮುಗಿದು ಎಲ್ಲರೂ ಉಪ್ಪಿಟ್ಟು ಕೇಸರಿಭಾತಿಗೆ ಎದ್ದಾಗ ಅವನು ನನ್ನ ಹತ್ತಿರ ಬಂದ. ಕಾಲು ಮುಟ್ಟಿ ನಮಸ್ಕರಿಸಿದ. "ಆವತ್ತು ಸೀರೆ ಚೆನ್ನಾಗಿ ಉಡಿಸಿದ್ರಿ ಮೇಡಂ. ಓಡಿಹೋಗುವಾಗಲೂ ಒಂದು ನೆರಿಗೆ ಬಿಚ್ಚಲಿಲ್ಲ" ಎಂದ. ನಗುತ್ತಲೇ ಹೇಳಿದ. ನಾನು "ಊಟ ಮಾಡಿಕೊಂಡು ಹೋಗಪ್ಪ" ಎಂದೆ. ಅದಕ್ಕಿಂತ ಬೇರೆ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಈ ವರ್ಷವೂ ವಾರ್ಷಿಕೋತ್ಸವದ ನಗೆನಾಟಕ ತಿದ್ದುವುದಕ್ಕೆಂದು ನನ್ನ ಮೇಜಿಗೆ ಬಂತು. ಮೂರನೆಯ ಪುಟದಲ್ಲಿ ಬಳುಕುತ್ತಾ ಬರುವ ಒಬ್ಬನಿದ್ದ. ಪಕ್ಕದಲ್ಲಿ ಪೆನ್ಸಿಲಿನಿಂದ ಎಂಟನೆಯ ತರಗತಿಯ ಒಬ್ಬ ಹುಡುಗನ ಹೆಸರು ಬರೆದಿತ್ತು. ರಂಗೋಲಿ ಚೆನ್ನಾಗಿ ಬಿಡುತ್ತಾನೆ, ಅಷ್ಟೇ ಅವನ ಅಪರಾಧ. ಅವನು ದೊಡ್ಡವನಾದ ಮೇಲೆ ಯಾರನ್ನು ಪ್ರೀತಿಸುತ್ತಾನೋ ಅದು ನನಗೆ ಸೇರಿದ್ದಲ್ಲ. ಆ ಪಾತ್ರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ನಾಟಕ ಬರೆದ ತರುಣ ಮೇಷ್ಟರು, "ಅದನ್ನು ತೆಗೆದರೆ ನಗುವುದಕ್ಕೆ ಏನಿದೆ ಮೇಡಂ?" ಎಂದರು. ನಗಿಸುವುದನ್ನು ಕಲಿಯಿರಿ ಎಂದೆ. ಎರಡು ವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಮರುದಿನ ಮಧ್ಯಾಹ್ನ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತ. "ಮಿಸ್, ನಾಟಕದಲ್ಲಿ ನನಗೆ ಪಾರ್ಟೇ ಇಲ್ವಂತೆ?" ಎಂದು ಕೇಳಿದ. ಮುಖ ಸಣ್ಣದಾಗಿತ್ತು. ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. "ಯಾವ ಪಾರ್ಟು ಬೇಕೋ?" ಎಂದೆ. ಒಂದು ಗಳಿಗೆಯೂ ಯೋಚಿಸದೆ "ಪೊಲೀಸು" ಎಂದ. ಅವನ ಅಳತೆಗೆ ಖಾಕಿ ಅಂಗಿ ಊರಿನಲ್ಲಿ ಎಲ್ಲೂ ಸಿಗಲಿಲ್ಲ. ಗಾಂಧಿ ಬಜಾರಿನ ದರ್ಜಿಯ ಹತ್ತಿರ ಹೊಲಿಯಲು ಕೊಟ್ಟಿದ್ದೇನೆ, ಶುಕ್ರವಾರಕ್ಕೆ ಕೊಡುತ್ತೇನೆ ಎಂದಿದ್ದಾನೆ.